ಕಲ್ಲಿನ ಕಾಲಿಗೆ ಬೂಟು

“ಮೇಷ್ಟ್ರೇ, ಸೇವೆ ಮಾಡುವವನು ಏನನ್ನಾದರೂ ಕೇಳುವುದು ತಪ್ಪೇ?” ಎಂದು ಚರಂಡಿ ಶುಚಿ ಮಾಡುವ ಮುನಿಯಲ್ಲಪ್ಪ ಕೇಳಿದ. “ಪುರಸಭೆಯವರಿಗೆ ಕೈಗವಸು ಕೊಡಿ ಅಂದೆ. ನಿನ್ನದು ಪುಣ್ಯದ ಕೆಲಸ, ಭಾನುವಾರ ಶಾಲು ಹೊದಿಸುತ್ತೇವೆ ಅಂದರು.”

“ಮತ್ತೆ ಶಾಲು! ಈ ಜನಕ್ಕೆ ಬೇರೇನೂ ಹೊಳೆಯುವುದೇ ಇಲ್ಲವೇ?” ಮೇಷ್ಟ್ರು ಹಣೆ ಚಚ್ಚಿಕೊಂಡರು. ಆಮೇಲೆ ಹೇಳತೊಡಗಿದರು.

ಒಬ್ಬ ಫುಟ್‌ಬಾಲ್ ಆಟಗಾರನಿದ್ದ. ಬಟ್ಟೆ ಗಿರಣಿಯಲ್ಲಿ ಎಂಟು ಗಂಟೆ ನಿಂತು ನೇಯುತ್ತಿದ್ದ, ಸಂಜೆ ಮೈದಾನಕ್ಕೆ ಓಡುತ್ತಿದ್ದ. ಆಗ ಆಟಕ್ಕೆ ಸಂಬಳವಿರಲಿಲ್ಲ. ನಮ್ಮವರು ಆಡುತ್ತಿದ್ದದ್ದೂ ಬರಿಗಾಲಲ್ಲೇ. ಪಾದಕ್ಕೆ ಬಟ್ಟೆಪಟ್ಟಿ ಸುತ್ತಿಕೊಂಡರೆ ಮುಗಿಯಿತು. ಅವನು ಚೆನ್ನಾಗಿ ಆಡಿದ. ದೇಶದ ತಂಡಕ್ಕೇ ನಾಯಕನಾದ.

ತಂಡ ಚಳಿದೇಶವೊಂದಕ್ಕೆ ಹೊರಟಿತು. ಅಲ್ಲಿ ನೆಲ ಹೆಪ್ಪುಗಟ್ಟಿರುತ್ತದೆ, ಎದುರಾಳಿಗಳ ಬೂಟಿಗೆ ಮೊಳೆಯಿರುತ್ತದೆ ಎಂದು ಅವನಿಗೆ ತಿಳಿದಿತ್ತು. ಸಂಘದ ಅಧ್ಯಕ್ಷರ ಬಳಿ ಹೋದ.

“ಸ್ವಾಮಿ, ನಮಗೆಲ್ಲ ಬೂಟು ಕೊಡಿಸಿ.”

“ಏನಯ್ಯಾ, ನೀನು ಹವ್ಯಾಸಿ. ಪ್ರೀತಿಯಿಂದ ಆಡುವವನು. ಇವತ್ತು ಬೂಟು ಇಸಕೊಂಡವನು ನಾಳೆ ಕೂಲಿ ಕೇಳುತ್ತೀ. ಬರಿಗಾಲೇ ನಮ್ಮ ಹೆಮ್ಮೆ.”

ಹೀಗೆಂದ ಅಧ್ಯಕ್ಷರ ಕಾಲಲ್ಲಿ ಹೊಸ ಚರ್ಮದ ಬೂಟು, ಒಳಗೆ ಉಣ್ಣೆಯ ಕಾಲುಚೀಲ. ಅವರೂ ಹೊರಟಿದ್ದರಲ್ಲ!

ಆಟಗಾರ ನಾಚಿಕೊಂಡ. ಕೇಳಿದ್ದೇ ತಪ್ಪು ಎಂದುಕೊಂಡು ಬಂದುಬಿಟ್ಟ. ಪೆದ್ದ! ಎರಡನೇ ಪಂದ್ಯದಲ್ಲಿ ಎದುರಾಳಿಯ ಬೂಟು ಅವನ ಪಾದವನ್ನು ಜಜ್ಜಿತು. ಮೂರು ಬೆರಳು ಹೋದವು. ನಿಂತು ನೇಯಲಾಗದವನಿಗೆ ಗಿರಣಿಯಲ್ಲಿ ಜಾಗವೆಲ್ಲಿ? ಆಟವೂ ಹೋಯಿತು, ಮಗ್ಗವೂ ಹೋಯಿತು.

ಇಪ್ಪತ್ತು ವರ್ಷದ ಮೇಲೆ ಸಂಘದವರು ಮೈದಾನದ ಬಾಗಿಲಲ್ಲಿ ಅವನ ಕಲ್ಲಿನ ಪ್ರತಿಮೆ ನಿಲ್ಲಿಸಿದರು. ಅವನನ್ನೇ ಕರೆಸಿ ಪರದೆ ಎಳೆಸಿದರು. ಪ್ರತಿಮೆಯ ಕಾಲಲ್ಲಿ ಬೂಟಿತ್ತು. ಲೇಸು ಸಮೇತ ಕೆತ್ತಿದ್ದರು.

ಅವನು ಊರುಗೋಲು ಊರಿ ಬಗ್ಗಿ ನೋಡಿದ. “ಸ್ವಾಮಿ, ನಾನು ಬೂಟು ಹಾಕಿದವನೇ ಅಲ್ಲವಲ್ಲ?”

“ದೇಶದ ನಾಯಕನನ್ನು ಬರಿಗಾಲಲ್ಲಿ ನಿಲ್ಲಿಸುವುದಕ್ಕೆ ಆಗುತ್ತದೇನಯ್ಯಾ?” ಎಂದರು ಅಧ್ಯಕ್ಷರು. “ಸಂಘದ ಮರ್ಯಾದೆ ಏನಾಗಬೇಕು?”

ಮೇಷ್ಟ್ರು ಕತೆ ನಿಲ್ಲಿಸಿದರು. ಮುನಿಯಲ್ಲಪ್ಪ ತನ್ನ ಹುಣ್ಣಾದ ಅಂಗೈ ನೋಡಿಕೊಂಡ. “ಹಾಗಾದರೆ ಭಾನುವಾರ...” ಎಂದು ರಾಗ ಎಳೆದ.

“ಕೈಗೆ ಜೀವವಿರುವಾಗಲೇ ಗವಸು ಕೇಳು, ಮುನಿಯಲ್ಲಪ್ಪ; ಕಲ್ಲಿನ ಕೈಗಾದರೆ ಅವರೇ ತಂದು ತೊಡಿಸುತ್ತಾರೆ.”