ಎರಡನೆಯ ಗುಂಡು

"ಗುರುಗಳೇ, ಅಪ್ಪಣೆಯಂತೆ ಕೊಂದವನಿಗೆ ಪಾಪ ತಟ್ಟುತ್ತದೆಯೇ?" ಎಂದು ಶಿಷ್ಯ ಕೇಳಿದ.

ಅವನು ಸೈನ್ಯದಲ್ಲಿ, ದೂರದಲ್ಲಿ ಅಡಗಿ ಕೂತು ಗುರಿಯಿಟ್ಟು ಹೊಡೆಯುವ ಕೆಲಸದಲ್ಲಿದ್ದವನು. ಅವನ ಹೆಂಡತಿಗೆ ಆಗ ಒಂಬತ್ತು ತಿಂಗಳು ತುಂಬಿತ್ತು. ಅವನೇ ಮುಂದುವರಿಸಿದ: "ಬಿಟ್ಟವನಿರುವಾಗ ಬಾಣಕ್ಕೇನು ಪಾಪ ಎಂದು ನಮ್ಮ ಮೇಲಿನವರು ಹೇಳುತ್ತಿದ್ದರು."

"ಉತ್ತರವನ್ನು ಗಂಟು ಕಟ್ಟಿಕೊಂಡೇ ಬಂದಿದ್ದೀಯ. ಮತ್ತೆ ನನ್ನನ್ನೇಕೆ ಕೇಳುತ್ತೀಯ?" ಎಂದು ಗುರುಗಳು ರೇಗಿದರು. ಆಮೇಲೆ ಈ ಕತೆ ಹೇಳಿದರು.

ಒಂದು ಬೆಟ್ಟಸೀಮೆಯಲ್ಲಿ ಒಂದು ಪದ್ಧತಿಯಿತ್ತು. ಮಗು ಹುಟ್ಟಿದರೆ ಅಂಗಳದಲ್ಲಿ ನಿಂತು ಆಕಾಶಕ್ಕೆ ಒಂದು ಗುಂಡು ಹಾರಿಸುವುದು. ಯಾರಾದರೂ ಸತ್ತರೆ ಎರಡು. ಒಂದು ಕೇಳಿದರೆ ನೆರೆಯವರು ಬೆಲ್ಲ ಹಿಡಿದು ಬರುತ್ತಿದ್ದರು, ಎರಡು ಕೇಳಿದರೆ ಬಿಳಿ ಬಟ್ಟೆ ಉಟ್ಟು ಬರುತ್ತಿದ್ದರು. ಕಣಿವೆಯ ಆಚೆ ಇನ್ನೊಬ್ಬ ಅರಸನ ನಾಡು. ಅಲ್ಲಿಯೂ ಇದೇ ಪದ್ಧತಿ.

ಅರಸರಿಬ್ಬರಿಗೂ ಯುದ್ಧವಾಯಿತು. ಈಚೆಯ ಗುರಿಕಾರನೊಬ್ಬನನ್ನು ಕಣಿವೆಯ ಮೇಲಿನ ಬಂಡೆಯಲ್ಲಿ ಕೂರಿಸಿದರು. ಆಚೆಯಿಂದ ಇಳಿದು ಬಂದವನನ್ನು ಹೊಡೆಯುವುದು ಅವನ ಕೆಲಸ. ಉಸಿರು ಬಿಗಿಹಿಡಿದು ಒಂದು ಗುಂಡು ಹಾರಿಸುತ್ತಿದ್ದ. ಎರಡನೆಯದು ಅವನಿಗೆ ಎಂದೂ ಬೇಕಾಗಲಿಲ್ಲ. ಅದೇ ಅವನ ಹೆಮ್ಮೆಯಾಗಿತ್ತು.

ಯುದ್ಧ ಮುಗಿಯಿತು. ಊರವರು ಅವನನ್ನು ಹೊತ್ತು ಮೆರೆಸಿದರು. ಬಹುಕಾಲ ಮಕ್ಕಳಿಲ್ಲದೆ ಕೊರಗಿದ್ದ ಅವನ ಹೆಂಡತಿ ಮರುವರ್ಷ ಹೆಣ್ಣುಮಗುವನ್ನು ಹೆತ್ತಳು. ಅವನು ಹಿಗ್ಗಿನಿಂದ ಅಂಗಳಕ್ಕೆ ಬಂದು ಒಂದು ಗುಂಡು ಹಾರಿಸಿದ.

ಕಣಿವೆಯ ಕಡೆಯಿಂದ ಇನ್ನೊಂದು ಕೇಳಿಸಿತು.

ಮಾರ್ದನಿ ಇರಬೇಕು ಎಂದುಕೊಂಡ. ಆದರೆ ಮಾರ್ದನಿ ಇಷ್ಟು ತಡಮಾಡುವುದಿಲ್ಲ. ಇದು, ಒಬ್ಬ ಮನುಷ್ಯ ಕೋವಿಗೆ ಮದ್ದು ತುಂಬಿಕೊಳ್ಳುವಷ್ಟು ಹೊತ್ತು ಬಿಟ್ಟು ಬಂದಿತ್ತು. ಅವನಿಗೆ ಭಯವಾಯಿತು.

ಊರವರು ಬಿಳಿ ಬಟ್ಟೆ ಉಟ್ಟು ಬಂದರು. ಮಗು ತೊಟ್ಟಿಲಲ್ಲಿ ಕೈಕಾಲು ಆಡಿಸುತ್ತಿತ್ತು. ಆದರೂ ಯಾರೂ ಅದನ್ನು ಎತ್ತಿಕೊಳ್ಳಲಿಲ್ಲ. "ಎರಡು ಕೇಳಿದ್ದೇವೆ. ಆ ಇನ್ನೊಂದು ಯಾರದೆಂದು ತಿಳಿಯುವವರೆಗೆ ಇದಕ್ಕೆ ಹೆಸರಿಡುವಂತಿಲ್ಲ" ಎಂದು ಹಿರಿಯನೊಬ್ಬ ಹೇಳಿದ.

ಗುರಿಕಾರ ಮರುದಿನವೇ ಕಣಿವೆ ಇಳಿದು ಆಚೆಯ ಬೆಟ್ಟ ಹತ್ತಿದ. ಮೊದಲು ಸಿಕ್ಕ ಊರಿನಲ್ಲಿ ಮನೆಮನೆಯ ಜಗಲಿಯ ಮೇಲೂ ಹೆಂಗಸರು ಒದ್ದೆ ಕೂದಲಿನಲ್ಲಿ ಕೂತಿದ್ದರು. "ನಿನ್ನೆ ಗುಂಡು ಹಾರಿಸಿದವರು ಯಾರಮ್ಮ?" ಎಂದು ಒಬ್ಬ ಮುದುಕಿಯನ್ನು ಕೇಳಿದ.

"ನಮ್ಮಲ್ಲಿ ಕೋವಿ ಎಲ್ಲಿದೆಯಪ್ಪ? ಕೋವಿ ಹಿಡಿದು ಹೋದ ಮಕ್ಕಳೇ ತಿರುಗಿ ಬಂದಿಲ್ಲ. ಯುದ್ಧವಿದ್ದಷ್ಟು ದಿನ ಒಂದೊಂದೇ ಗುಂಡು ಕೇಳಿಸುತ್ತಿತ್ತು. ಎಲ್ಲೋ ಮಗು ಹುಟ್ಟಿತು ಅಂತ ನಮಗೆ ನಾವೇ ಹೇಳಿಕೊಂಡು, ಬಾಗಿಲು ತೆರೆದಿಟ್ಟು ಕಾದೆವು. ನಿನ್ನೆ ಎರಡನೆಯದೂ ಕೇಳಿಸಿತು. ಎಲ್ಲರೂ ಮಕ್ಕಳ ಹೆಸರಿನಲ್ಲಿ ತಲೆಗೆ ನೀರು ಹಾಕಿಕೊಂಡು ಕೂತಿದ್ದೇವೆ." ಮುದುಕಿ ಅವನ ಮುಖ ನೋಡಿದಳು. "ಎರಡೂ ನಿಮ್ಮ ಕಡೆಯಿಂದಲೇ ಬಂದವು, ಎರಡನೆಯದು ಕಣಿವೆಯ ಮೇಲಿನ ಆ ಬಂಡೆಯಿಂದ. ನಿಮ್ಮ ಮನೆಯಲ್ಲಿ ಯಾರು ಹೋದರಪ್ಪ?"

ಅವನು ಬಂದ ದಾರಿಯಲ್ಲೇ ಕಣಿವೆ ಇಳಿದು ಮನೆಗೆ ಹಿಂತಿರುಗಿದ. ಹೆಂಡತಿ ಮಗುವನ್ನು ಮಡಿಲಲ್ಲಿಟ್ಟುಕೊಂಡು ಕಾಯುತ್ತಿದ್ದಳು. "ತಿಳಿಯಿತೇ? ಆ ಇನ್ನೊಂದು ಯಾರದು?" ಎಂದು ಕೇಳಿದಳು. ಅವನಿಗೆ ತಿಳಿದಿತ್ತು. ನನ್ನದೇ ಎನ್ನಲು ನಾಲಿಗೆ ಏಳಲಿಲ್ಲ. ಅವಳು ದಿನವೂ ಕೇಳಿದಳು, ಅವನು ದಿನವೂ ತಲೆ ತಗ್ಗಿಸಿದ. ಆ ಹುಡುಗಿ ಹೆಸರಿಲ್ಲದೆಯೇ ಬೆಳೆದಳು.

ಗುರುಗಳು ಕತೆ ನಿಲ್ಲಿಸಿದರು. "ಆದರೂ ಅವನು ಅಪ್ಪಣೆ ಮೀರಲಿಲ್ಲವಲ್ಲ, ಗುರುಗಳೇ. ಬಾಣಕ್ಕೆ ಪಾಪವಿಲ್ಲ ಎಂದು…" ಎಂದ ಶಿಷ್ಯ.

"ಬಾಣಕ್ಕೆ ಪಾಪವಿಲ್ಲ, ಒಪ್ಪಿದೆ ಕಣಯ್ಯ, ಬಾಣಕ್ಕೆ ಮಕ್ಕಳೂ ಹುಟ್ಟುವುದಿಲ್ಲ."