ಜಿಂಕೆಯನ್ನು ಬಿಡಲಾರದ ಆಮೆಜ್ಜಿ

ಮಕ್ಕಳೇ, ಕಾಡಿನ ನಡುವಿನ ಕೆರೆಯೊಂದರಲ್ಲಿ ಪುಟ್ಟೀರಿ ಎಂಬ ಮುದಿ ಆಮೆ ಇದ್ದಳು. ಯಾರ ಮನಸ್ಸು ನೊಂದರೂ ಅವರು ದಡದ ಚಪ್ಪಟೆ ಕಲ್ಲಿನ ಮೇಲೆ ಕೂತು ದುಃಖ ತೋಡಿಕೊಳ್ಳುತ್ತಿದ್ದರು. ಆಮೆಜ್ಜಿ ನೀರಿನಲ್ಲೇ ಇದ್ದು ಕೇಳುತ್ತಿದ್ದಳು. ಕಲ್ಲಿನ ಮೇಲಿನ ಬಿಸಿಲು ಸರಿಯಿತೋ, ಮಾತು ಮುಗಿಯಿತು. ಬಂದವರು ಎದ್ದು ಮನೆಗೆ ಹೋಗಬೇಕು. ಇದು ಆಮೆಗಳ ಹಳೆಯ ಕಟ್ಟಳೆ.

ಒಮ್ಮೆ ನೀಲಿ ಎಂಬ ಜಿಂಕೆ ಬಂದಳು. ಸೀಳುನಾಯಿಗಳು ಅವಳ ತಂಗಿಯನ್ನು ಕೊಂದ ದಿನದಿಂದ, ತರಗೆಲೆ ಸದ್ದಾದರೂ ಸಾಕು, ನೀಲಿಯ ಕಾಲುಗಳು ಮರಗಟ್ಟುತ್ತಿದ್ದವು. ಅಜ್ಜಿ ದಿನವೂ ಕೇಳಿದಳು, ಧೈರ್ಯ ಹೇಳಿದಳು. ನೀಲಿ ಮೊದಲು ನಾಲ್ಕು ಹೆಜ್ಜೆ ಓಡಿದಳು. ಆಮೇಲೆ ಇಡೀ ಕೆರೆ ಸುತ್ತಿ ಬಂದಳು.

"ಅಜ್ಜಿ, ನಾನು ಗುಣವಾದೆ ಅನ್ನಿಸುತ್ತೆ. ನಾಳೆ ನಮ್ಮ ಹಿಂಡು ಹೊಳೆ ಕಡೆ ಹೊರಡುತ್ತೆ. ನಾನೂ ಹೋಗಲಾ?"

ಅಜ್ಜಿ ತನ್ನೊಳಗೇ ಅಂದುಕೊಂಡಳು: ಎಲ್ಲರೂ ಬರುತ್ತಾರೆ, ಅಳುತ್ತಾರೆ, ಹೋಗುತ್ತಾರೆ. 'ಊಟ ಆಯ್ತಾ ಅಜ್ಜಿ' ಎಂದು ಕೇಳುವವಳು ಇವಳೊಬ್ಬಳೇ. ಇವಳೂ ಹೋದರೆ?

"ಅವಸರ ಬೇಡಮ್ಮ. ನಿನ್ನ ಕಾಲು ಇನ್ನೂ ಗಟ್ಟಿಯಾಗಿಲ್ಲ. ನಿನ್ನ ಸಂಕಟ ಹಿಂಡಿಗೇನು ಗೊತ್ತು? ನನ್ನ ಹತ್ತಿರವೇ ಇರು."

ಅದು ಶುದ್ಧ ಸುಳ್ಳು. ನಂಬಿದ ನೀಲಿ ಉಳಿದಳು, ಹಿಂಡು ಹೋಯಿತು.

ಈಗ ಬಿಸಿಲು ಸರಿದರೂ ಮಾತು ಮುಗಿಯುತ್ತಿರಲಿಲ್ಲ. ಹೇಳುವವಳು ಅಜ್ಜಿ, ಕೇಳುವವಳು ನೀಲಿ! ಸೊಂಟನೋವು, ಮೊಟ್ಟೆ ಕದ್ದ ಉಡ, ತಿರುಗಿಯೂ ನೋಡದ ಮಕ್ಕಳು, ಒಂದೇ ಎರಡೇ? ನೀಲಿ ಮೇಯಲು ಹೊರಟರೂ "ಎಲ್ಲಿಗೆ?" ಎಂಬ ಪ್ರಶ್ನೆ. ಪಾಪ, ಅವಳಿಗೆ ಹಳೆಯ ಭಯ ಮತ್ತೆ ಶುರುವಾಯಿತು.

ಅದನ್ನು ಕಂಡ ಅಜ್ಜಿಗೆ ನಿಂತಲ್ಲಿ ನಿಲ್ಲಲಾಗದು. ನೀರಿಗಿಳಿದರೆ ದಡ ಬೇಕು, ದಡ ಹತ್ತಿದರೆ ನೀರು ಬೇಕು. ನಿಜ ಹೇಳಿಬಿಡಲೇ? ಹೇಳಿದರೆ ಹೋಗಿಬಿಡುತ್ತಾಳಲ್ಲ!

ಹೀಗೆ ಒದ್ದಾಡುತ್ತಿರುವಾಗಲೇ ಒಂದು ಮಧ್ಯಾಹ್ನ ಪೊದೆ ಸರಸರ ಅಂದಿತು. ಮೂರು ಸೀಳುನಾಯಿಗಳು!

ಅಜ್ಜಿಯ ತಲೆ ತಾನಾಗಿಯೇ ಚಿಪ್ಪಿನೊಳಗೆ ಹೋಯಿತು. ನೀಲಿ ನಿಂತಲ್ಲೇ ಮರಗಟ್ಟಿದಳು.

"ಅಜ್ಜೀ, ನನ್ನ ಕಾಲು ಗಟ್ಟಿಯಾಗಿಲ್ಲ ಅಂದಿದ್ರಲ್ಲ! ಈಗೇನು ಮಾಡಲಿ?"

ನಾಚಿಕೆಯಿಂದ ಅಜ್ಜಿಗೆ ಚಿಪ್ಪಿನೊಳಗೂ ಇರಲಾಗಲಿಲ್ಲ. ತಲೆ ಹೊರಹಾಕಿ ಕೂಗಿದಳು.

"ಸುಳ್ಳು ಹೇಳಿದೆ ಮಗಳೇ! ನೀನು ಯಾವತ್ತೋ ಗುಣವಾಗಿದ್ದೆ. ಒಂಟಿಯಾಗ್ತೀನಿ ಅಂತ ನಾನೇ ನಿನ್ನ ಹಿಡಿದಿಟ್ಟುಕೊಂಡೆ. ಓಡು, ಹೊಳೆ ಕಡೆ ಓಡು!"

ನೀಲಿ ಒಮ್ಮೆ ಅವಳನ್ನು ನೋಡಿದಳು. ಮರುಕ್ಷಣ ಒಂದೇ ನೆಗೆತ! ನಾಯಿಗಳಿಗೆ ಸಿಕ್ಕಿದ್ದು ಧೂಳು ಮಾತ್ರ.

ವಾರದ ನಂತರ ಮಿಂಚುಳ್ಳಿಯೊಂದು ಹೊಳೆಯ ಕಡೆಯಿಂದ ಬಂತು.

"ನೀಲಿ ಹಿಂಡು ಸೇರಿದಳು ಅಜ್ಜಿ. ಚೆನ್ನಾಗಿ ಓಡಾಡಿಕೊಂಡಿದ್ದಾಳೆ."

"ನನ್ನ ಬಗ್ಗೆ ಏನಾದರೂ ಕೇಳಿದಳಾ?"

"ಇಲ್ಲ ಅಜ್ಜಿ."

ನೀತಿ: ಸಂತೈಸುವವರು ತಮ್ಮ ಒಂಟಿತನಕ್ಕಾಗಿ, ನಂಬಿ ಬಂದವರನ್ನು ಕಟ್ಟಿಹಾಕಬಾರದು.