ಸೋಲಲು ಬಾರದ ಗೊಂಬೆ

"ಮನುಷ್ಯ ಮಾಡುವ ಯಾವ ಕೆಲಸವನ್ನಾದರೂ ಹೇಳಿ, ನನ್ನ ಯಂತ್ರ ಅದಕ್ಕಿಂತ ಚೆನ್ನಾಗಿ ಮಾಡುತ್ತದೆ!" ಎಂದು ಯಂತ್ರಶಿಲ್ಪಿ ಕಾಳೋಜ ತುಂಬಿದ ಸಭೆಯಲ್ಲಿ ಮೀಸೆ ತಿರುವಿದ.

ತಿರುವಲು ಕಾರಣವೂ ಇತ್ತು. ಬಿಳಿಗಲ್ಲೂರಿನ ಅರಮನೆಯಲ್ಲಿ ಈಗ ಬೀಸಣಿಗೆ ಬೀಸುವುದು, ಬಾವಿ ಸೇದುವುದು, ಭತ್ತ ಕುಟ್ಟುವುದು ಎಲ್ಲವೂ ಅವನ ಚಕ್ರಗಳೇ. ಒಂದೊಂದು ಚಕ್ರ ತಿರುಗಿದಾಗಲೂ ಒಂದಷ್ಟು ಜನ ಕೋಟೆಯ ಹೊರಗೆ ಬಿದ್ದರು. ನಗಾರಿಯ ದ್ಯಾವಣ್ಣ ನಿನ್ನೆಯಷ್ಟೇ ಬಿದ್ದ. ನಗಾರಿ ಈಗ ತನ್ನನ್ನು ತಾನೇ ಬಡಿದುಕೊಳ್ಳುತ್ತಿತ್ತು.

ಬೆಳಿಗ್ಗೆ ಹೆಬ್ಬಾಗಿಲಲ್ಲಿ ದ್ಯಾವಣ್ಣ ಅಳಸಿಂಗಯ್ಯನನ್ನು ತಡೆದಿದ್ದ. "ಸ್ವಾಮಿ, ನಾಳೆ ನಿಮ್ಮ ಸರದಿಯಂತೆ. ನಮ್ಮ ಪಕ್ಕದಲ್ಲೇ ನೆರಳಲ್ಲಿ ಒಂದು ಜಾಗ ಹಿಡಿದಿಟ್ಟಿದ್ದೀವಿ."

ಅಳಸಿಂಗಯ್ಯನಿಗೆ ನಗು ಬರಲಿಲ್ಲ. ದೊರೆ ಭುಜಬಲರಾಯನಿಗೆ ದಿನಾ ಊಟವಾದ ಮೇಲೆ ಚದುರಂಗಕ್ಕೆ ಜೊತೆಯಾಗುವುದು ಅವನ ಕೆಲಸ. ಸೋತವನ ರಾಜನನ್ನು ಮಣೆಯ ಮೇಲೆ ಮಲಗಿಸಬೇಕು. ದೊರೆ ಗೆದ್ದರೆ ನಗಾರಿಗೆ ಮೂರು ಪೆಟ್ಟು, ಸೋತರೆ ಬಿಟ್ಟು ಬಿಟ್ಟು ಒಂಬತ್ತು. ಆ ಒಂಬತ್ತನ್ನು ಊರು ಇಪ್ಪತ್ತು ವರ್ಷದಿಂದ ಕೇಳಿರಲಿಲ್ಲ. ಈಗ ರಾಜ ಮಲಗಿದೊಡನೆ ನಗಾರಿ ತಾನೇ ಬಡಿಯುವಂತೆ ಮಣೆಯಿಂದ ನಗಾರಿಗೆ ಕಾಳೋಜ ತಂತಿ ಎಳೆದಿದ್ದ.

ಅಳಸಿಂಗಯ್ಯ ಎದ್ದು ಕೈಮುಗಿದ. "ಪ್ರಭು, ಅರಮನೆಯಲ್ಲಿ ಇನ್ನೂ ಒಬ್ಬ ದಂಡಪಿಂಡ ಉಳಿದಿದ್ದಾನೆ. ನಾನೇ. ಯಂತ್ರ ನನ್ನ ಕೆಲಸ ಮಾಡಿದರೆ ನಾನೂ ಹೊರಡುತ್ತೇನೆ. ಮಾಡದಿದ್ದರೆ, ಹೊರಗೆ ಹೋದವರೆಲ್ಲ ಒಳಗೆ."

ದೊರೆ ಹೊಟ್ಟೆ ಕುಣಿಸಿ ನಕ್ಕ. "ನಿನ್ನ ಕೆಲಸವೇ! ಒಂದೇ ಒಂದು ಆಟ ಗೆಲ್ಲದವನು ನೀನು. ನಿನ್ನ ಜಾಗದಲ್ಲಿ ಒನಕೆ ಒರಗಿಸಿದರೂ ನಡೆದೀತು. ಆಗಲಿ, ಮಾತು ಕೊಟ್ಟೆ!"

ಕಾಳೋಜ ಮರದ ಗೊಂಬೆಯೊಂದನ್ನು ಮಣೆಯ ಮುಂದೆ ಕೂರಿಸಿದ. ಹನ್ನೊಂದನೆಯ ನಡೆಗೆ ಗೊಂಬೆ ಕೈ ಚಾಚಿ, ದೊರೆಯ ರಾಜನನ್ನು ಮೆಲ್ಲಗೆ ಮಲಗಿಸಿತು.

ಧಂ... ಧಂ... ಧಂ...

"ನಿಲ್ಸಿ! ಯಾರಲ್ಲಿ, ಆ ನಗಾರಿ ನಿಲ್ಸಿ!"

ನಿಲ್ಲಿಸಲು ಅಲ್ಲಿ ಯಾರಿದ್ದರು? ಒಂಬತ್ತೂ ಬಿದ್ದವು. ಅರ್ಥ ಮರೆತಿದ್ದ ಊರು ತನಗೆ ತೋಚಿದ ಅರ್ಥ ಮಾಡಿಕೊಂಡಿತು. ಕೋಟೆಯ ಹೊರಗೆ ಗೋಳೋ ಎಂದು ಅಳು ಎದ್ದಿತು. ಪುರೋಹಿತರು ದರ್ಭೆ ಹಿಡಿದು ಓಡಿಬಂದವರು, ಕೂತಿದ್ದ ದೊರೆಯನ್ನು ಕಂಡು, "ಇನ್ನೂ ಸ್ವಲ್ಪ ಹೊತ್ತಿದೆಯೇ?" ಎಂದರು.

"ಕಾಳೋಜ! ಇದನ್ನು ಸರಿಮಾಡು!"

"ಸರಿಯಾಗಿಯೇ ಇದೆಯಲ್ಲ ಪ್ರಭು..."

"ಸರಿಮಾಡು ಅಂದೆ!"

ಕಾಳೋಜ ಗೊಂಬೆಯ ಬೆನ್ನಲ್ಲಿ ತಿರುಪೊಂದನ್ನು ಸಡಿಲಿಸಿದ. ಈ ಸಲ ಗೊಂಬೆ ಎರಡನೆಯ ನಡೆಗೇ ಮಂತ್ರಿಯನ್ನು ದಾನಕೊಟ್ಟಿತು. ಆಮೇಲೆ ಎರಡು ಆನೆಗಳನ್ನು, ಮಗುವಿಗೆ ತುತ್ತು ತಿನ್ನಿಸುವ ಹಾಗೆ, ಒಂದೊಂದಾಗಿ ದೊರೆಯ ಮುಂದಿಟ್ಟಿತು. ಐದನೆಯ ನಡೆಗೆ ತನ್ನ ರಾಜನನ್ನು ತಾನೇ ಮಲಗಿಸಿತು. ನಗಾರಿ ಮೂರು ಬಡಿಯಿತು.

ಹೊರಗಿನಿಂದ ಯಾರೋ ಕೂಗಿದರು: "ಅಯ್ಯೋ, ಎದ್ದು ಕೂತರಂತೆ ಕಣ್ರೋ!"

ದೊರೆಯ ಮುಖ ಕೆಂಡವಾಯಿತು. "ಈ ಮರದ ತುಂಡು ನನ್ನನ್ನು ಅಣಕಿಸುತ್ತದೆಯೇ?"

ಕಾಳೋಜ ಬೆವರೊರೆಸಿಕೊಂಡ. "ಪ್ರಭು, ಗೆಲ್ಲು ಅಂದರೆ ಗೆಲ್ಲುತ್ತೆ, ಸೋಲು ಅಂದರೆ ಸೋಲುತ್ತೆ. ಆದರೆ ಸಂಜೆತನಕ ಹೆಣಗಾಡಿ, ಇನ್ನೇನು ಗೆದ್ದೇಬಿಟ್ಟೆ ಅನ್ನುವಾಗ ಒಂದು ಕುದುರೆ ಮರೆತು ಸೋಲುವುದಿದೆಯಲ್ಲ... ಅದಕ್ಕೆ ತಿರುಪಿಲ್ಲ."

ದೊರೆ ನಿಧಾನವಾಗಿ ಕತ್ತು ತಿರುಗಿಸಿದ.

"ಅಳಸಿಂಗ, ಈ ಇಪ್ಪತ್ತು ವರ್ಷ ನೀನು ಬೇಕೆಂದೇ ಸೋತೆಯೋ?"

ಅಳಸಿಂಗಯ್ಯ ಲೆಕ್ಕ ಹಾಕಿದ. ಹೌದೆಂದರೆ ತಲೆ ಹೋಗುತ್ತದೆ. ಇಲ್ಲವೆಂದರೆ ತಾನು ಒನಕೆಗೆ ಸಮನಾಗಿ, ತನ್ನದರ ಜೊತೆಗೆ ದ್ಯಾವಣ್ಣನಂಥವರ ಅನ್ನವೂ ಹೋಗುತ್ತದೆ. ಅವನು ಗಂಟಲು ಸರಿಮಾಡಿಕೊಂಡ.

"ಪ್ರಭು, ಈ ಪ್ರಶ್ನೆಗೆ ಎರಡು ಉತ್ತರ ಇವೆ. ಒಂದನ್ನು ಈ ಗೊಂಬೆ ಆಗಲೇ ಬಿಟ್ಟಿಯಾಗಿ ಕೊಟ್ಟಿದೆ. ಇನ್ನೊಂದನ್ನು ಹೇಳುವುದಕ್ಕೆ ಸಂಬಳದ ಆಳೇ ಬೇಕು. ತಮಗೆ ಯಾವುದು ಬೇಕು?"

ದೊರೆ ಹುಬ್ಬು ಗಂಟಿಕ್ಕಿದ. ಗೊಂಬೆಯನ್ನು ನೋಡಿದ, ಅಳಸಿಂಗಯ್ಯನನ್ನು ನೋಡಿದ. ತುಟಿ ಅದುರಿತು, ತಡೆದುಕೊಳ್ಳಲಾಗದೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕ.

"ಸಂಬಳದ್ದನ್ನೇ ಹೇಳೋ, ಕಳ್ಳ!"

"ಬಾಗಿಲು ತೆಗೆಸಿ ಪ್ರಭು. ಹೊರಗಿರುವವರೆಲ್ಲ ಒಳಗೆ ಬಂದು ಅವರವರ ಜಾಗದಲ್ಲಿ ನಿಲ್ಲಲಿ. ಇಂಥ ಉತ್ತರಕ್ಕೆ ಸಾಕ್ಷಿಗಳು ಬೇಕು."

ಬಾಗಿಲು ತೆರೆಯಿತು. ಬೀಸಣಿಗೆಯವರು, ನೀರಿನವರು, ಭತ್ತ ಕುಟ್ಟುವವರು, ದ್ಯಾವಣ್ಣ ಎಲ್ಲರೂ ಬಂದು ನಿಂತರು. ಕೊನೆಯವಳೂ ಹೊಸ್ತಿಲು ದಾಟಿದ ಮೇಲೆ ಅಳಸಿಂಗಯ್ಯ ಎದೆ ತಟ್ಟಿಕೊಂಡು ಗಟ್ಟಿಯಾಗಿ ಹೇಳಿದ:

"ಇಲ್ಲ ಪ್ರಭು! ಪ್ರತಿ ಆಟವೂ ಗೆಲ್ಲಲೇಬೇಕು ಅಂತ ಆಡಿದೆ. ಏನು ಮಾಡಲಿ, ತಮ್ಮ ಮುಂದೆ ನನ್ನ ಆಟ ನಡೆಯಲಿಲ್ಲ!"